ಕಾರಿನಲ್ಲಿ ಪಾಠ ಹೇಳುವವರು ಯಾರು?

ಬೇಸಿಗೆ ಬಂತೆಂದರೆ ನಮ್ಮ ಸಂಘದ ಎಷ್ಟೋ ಮನೆಗಳಿಗೆ ಊರಿನಿಂದ ತಂದೆತಾಯಿಯರು ಬರುತ್ತಾರೆ. ಕಾಫಿ ಕುಡಿದು, ಸ್ವೆಟರ್ ತೊಟ್ಟು, ಬೀದಿಯಲ್ಲಿ ಒಂದು ಸುತ್ತು ನಡೆದು ಬರುವುದು ಅವರ ರೂಢಿ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ನಿನಲ್ಲಿ ಗುಜರಾತಿನ ಹಿರಿಯರೊಬ್ಬರು ಮಾಡಿದ್ದೂ ಇಷ್ಟೇ. ಮೊಮ್ಮಗನನ್ನು ನೋಡಿಕೊಳ್ಳಲೆಂದು ಬಂದು ಕೆಲವೇ ದಿನಗಳಾಗಿದ್ದವು. ನೆರೆಯವರೊಬ್ಬರು ಫೋನ್ ಮಾಡಿದರು, ಪೋಲೀಸರು ಬಂದರು. ಇಂಗ್ಲಿಷ್ ಬಾರದ ಆ ಹಿರಿಯರನ್ನು ನೆಲಕ್ಕೆ ಕೆಡವಿದರು. ಬೆನ್ನುಮೂಳೆಗೆ ಪೆಟ್ಟಾಗಿ ಕೈಕಾಲುಗಳ ಶಕ್ತಿ ಕುಂದಿತು. ಮೊಕದ್ದಮೆಯಲ್ಲಿ ಎರಡು ಬಾರಿ ಜ್ಯೂರಿಯವರು ಒಮ್ಮತಕ್ಕೆ ಬರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು.

ಇದು ನಾವೆಲ್ಲ ಓದಿದ ಸುದ್ದಿಯೇ. ಆದರೆ ಒಂದು ಸಂಗತಿ ಹೆಚ್ಚು ಮಂದಿಯ ಗಮನಕ್ಕೆ ಬಂದಂತಿಲ್ಲ. ಆ ದಿನ ಆ ಅಧಿಕಾರಿ ಹೊಸದಾಗಿ ಸೇರಿದವರೊಬ್ಬರಿಗೆ ತರಬೇತಿ ಕೊಡುತ್ತಿದ್ದರು.

ಅಮೆರಿಕದಲ್ಲಿ ಪೋಲೀಸರಿಗೆ ದೇಶಕ್ಕೆಲ್ಲ ಒಂದೇ ಅರ್ಹತಾಪತ್ರವಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನೋಡಿಕೊಳ್ಳುವ, ಪೋಸ್ಟ್ ಎಂಬ ಹೆಸರಿನ ಆಯೋಗ 1959ರಷ್ಟು ಹಳೆಯದು. ಶಾಲೆಯಲ್ಲಿ ಕನಿಷ್ಠ 664 ಗಂಟೆ ಕಲಿಕೆ, ಆಮೇಲೆ ಅನುಭವಿ ಅಧಿಕಾರಿಯ ಜೊತೆ ಕಾರಿನಲ್ಲಿ ಕನಿಷ್ಠ 10 ವಾರ. ಚರ್ಚೆಯೆಲ್ಲ ಆ 664ರ ಸುತ್ತಲೇ ನಡೆಯುತ್ತದೆ. ಜರ್ಮನಿಯಲ್ಲಿ ಎರಡೂವರೆಯಿಂದ ಮೂರು ವರ್ಷ ಕಲಿಸುತ್ತಾರಲ್ಲ, ಇಲ್ಲೇಕಿಲ್ಲ ಎಂದು ಕೇಳುತ್ತಾರೆ. ಕೇಳಲಿ, ಹೆಚ್ಚಿಸಲಿ, ನಮ್ಮ ತಕರಾರಿಲ್ಲ. ಆದರೆ ತರಗತಿಯಲ್ಲಿ ತಿಂಗಳುಗಟ್ಟಲೆ ಕಲಿತದ್ದು ಪಕ್ಕದ ಸೀಟಿನ ಹಿರಿಯನ ನಡತೆಯ ಮುಂದೆ ಎಷ್ಟು ದಿನ ನಿಂತೀತು? ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವೆಲ್ಲ ಕಲಿತದ್ದೂ ಪಕ್ಕದ ಮೇಜಿನವರನ್ನು ನೋಡಿಯೇ ಅಲ್ಲವೇ.

ಹಾಗೆ ಕಲಿಸುವವರಿಗೆ ನಮ್ಮ ರಾಜ್ಯ ವಿಧಿಸಿರುವುದು 40 ಗಂಟೆಗಳ ಒಂದು ತರಬೇತಿ. ಅಂದರೆ ಒಂದು ವಾರದ ಕೆಲಸ. ಆಯ್ಕೆ ಆಯಾ ಊರಿನ ಇಲಾಖೆಗೆ ಬಿಟ್ಟದ್ದು. ಇದು ಸಾಲದೆಂದೇ ನಮ್ಮ ಅಭಿಪ್ರಾಯ. ತೀರ ಕೆಟ್ಟದಾಗಿ ನಡೆದುಕೊಂಡವರ ಅರ್ಹತಾಪತ್ರ ರದ್ದು ಮಾಡುವ ಅಧಿಕಾರವನ್ನು 2021ರ ಕಾನೂನು ಆಯೋಗಕ್ಕೆ ಕೊಟ್ಟಿತು. ಒಳ್ಳೆಯದೇ, ಆದರೆ ಅದು ಅನಾಹುತವಾದ ಮೇಲಿನ ಮಾತು.

ಹಿರಿಯರ ಜೇಬಿನಲ್ಲಿ ವಿಳಾಸದ ಚೀಟಿ ಇಟ್ಟು ಕಳಿಸಿ ಎಂದು ಕೆಲವು ಸದಸ್ಯರು ಹೇಳುತ್ತಾರೆ. ಇಡೋಣ. ಆದರೆ ಗಾಬರಿಯಲ್ಲಿ ಜೇಬಿಗೆ ಕೈ ಹಾಕುವುದೇ ಇಲ್ಲಿ ಅಪಾಯವೆಂಬುದನ್ನೂ ಅವರಿಗೆ ಹೇಳಿಕೊಡಬೇಕು!

ನಗರಸಭೆಯ ಸಭೆಗಳಲ್ಲಿ ಸಾರ್ವಜನಿಕರು ಮಾತನಾಡಲು ಅವಕಾಶವಿದೆ. ನಮ್ಮ ಸದಸ್ಯರು ಅಲ್ಲಿಗೆ ಹೋಗಿ ಎರಡು ಪ್ರಶ್ನೆ ಕೇಳಲಿ: ನಿಮ್ಮ ಊರಿನಲ್ಲಿ ಹೊಸ ಪೋಲೀಸರಿಗೆ ಕಲಿಸುವವರನ್ನು ಯಾವ ಆಧಾರದ ಮೇಲೆ ಆರಿಸುತ್ತೀರಿ? ಬಲಪ್ರಯೋಗದ ದೂರು ಇರುವವರು ಆ ಸೀಟಿನಲ್ಲಿ ಕೂರಬಹುದೇ? ಬಂದ ಉತ್ತರಗಳನ್ನು ನಮಗೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರಿನೊಡನೆ ಅಚ್ಚು ಹಾಕುತ್ತೇವೆ.