ನೆಗಡಿಗೆ ಮೂಗು ಕೊಯ್ಯುವವರು

“ಫಾರ್ಮ್ಯಾಟ್ ಮಾಡ್ಬಿಡಿ ಸಾರ್, ಒಂದು ಗಂಟೆ ಕೆಲಸ.”

ನಮ್ಮಲ್ಲಿ ಕಂಪ್ಯೂಟರಿಗೆ ಯಾವ ಕಾಯಿಲೆ ಬಂದರೂ ಇದೊಂದೇ ಔಷಧಿ. ಅಂಗಡಿ ಹುಡುಗ ಹೇಳಿದರೆ ಹೋಗ್ಲಿ ಬಿಡಿ, ಅವನು ಸಂಜೆಯೊಳಗೆ ಹತ್ತು ಮಷಿನ್ ಮುಗಿಸಬೇಕು. ಆದರೆ ಮುಕ್ತ ತಂತ್ರಾಂಶ, ಸ್ವಾತಂತ್ರ್ಯ ಅಂತ ಭಾಷಣ ಬಿಗಿಯುವ ಲಿನಕ್ಸ್ ಗೆಳೆಯರೂ ಇದನ್ನೇ ಹೇಳಿದಾಗ ನನಗೆ ಪಿತ್ತ ನೆತ್ತಿಗೇರಿತು.

ಆಗಿದ್ದಿಷ್ಟು. 2015ರಲ್ಲಿ ಡೆಬಿಯನ್ 8 ಬಂತು. ನಾನು 7ರಿಂದ ಅದಕ್ಕೆ ಅಪ್‌ಗ್ರೇಡ್ ಮಾಡಿದೆ. ಎಲ್ಲ ಸಲೀಸಾಗಿ ಮುಗಿಯಿತು. ರೀಬೂಟ್ ಮಾಡಿದರೆ, 90 ಸೆಕೆಂಡು ಸುಮ್ಮನೆ ಎಣಿಸುತ್ತಾ ಕೂತಿತು. ಆಮೇಲೆ ಕಪ್ಪು ಪರದೆ, ಎಮರ್ಜೆನ್ಸಿ ಮೋಡ್, ರೂಟ್ ಪಾಸ್‌ವರ್ಡ್ ಕೊಡು ಅನ್ನುವ ಸಾಲು. ಆ ಕಂಪ್ಯೂಟರಿನ ಡಿಸ್ಕಿನಲ್ಲಿ ನಾನು ರೆಕಾರ್ಡ್ ಮಾಡಿಕೊಂಡಿದ್ದ ಅಮ್ಮನ ಹಸೆ ಹಾಡುಗಳಿದ್ದವು. ಬೇರೆ ಪ್ರತಿ ಇರಲಿಲ್ಲ. ಅಮ್ಮನೂ ಇರಲಿಲ್ಲ.

ಇಬ್ಬರಿಗೆ ಫೋನ್ ಮಾಡಿದೆ. ಇಬ್ಬರೂ ಫಾರ್ಮ್ಯಾಟ್ ಅಂದರು. “ಪರದೆ ಮೇಲೆ ಏನು ಬರೆದಿದೆ?” ಅಂತ ಒಬ್ಬರೂ ಕೇಳಲಿಲ್ಲ.

ಬರೆದದ್ದನ್ನು ನಾನೇ ಕೂತು ಓದಿದೆ. ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕು ಅನ್ನೋದು ಲಿನಕ್ಸಿನಲ್ಲಿ ಎಫ್‌ಎಸ್‌ಟ್ಯಾಬ್ ಎಂಬ ಪುಟ್ಟ ಕಡತದಲ್ಲಿರುತ್ತೆ. ಎಂದೋ ಕೆಟ್ಟು ಗುಜರಿಗೆ ಹೋಗಿದ್ದ ಎಕ್ಸ್‌ಟರ್ನಲ್ ಡಿಸ್ಕಿನ ಸಾಲೊಂದು ಅಲ್ಲೇ ಉಳಿದಿತ್ತು. ಹಳೆಯ ಆವೃತ್ತಿ ಅದು ಸಿಗದಿದ್ದರೆ ಗೊಣಗಿ ಮುಂದೆ ಹೋಗ್ತಿತ್ತು. ಹೊಸದರಲ್ಲಿ ಬಂದ ಸಿಸ್ಟಮ್‌ಡಿ ಕಟ್ಟುನಿಟ್ಟು. ಪಟ್ಟಿಯಲ್ಲಿದ್ದ ಡಿಸ್ಕ್ ಬರದಿದ್ದರೆ ಒಂದಿಷ್ಟು ಹೊತ್ತು ಕಾದು, ಅಲ್ಲಿಗೇ ನಿಲ್ಲಿಸುತ್ತೆ. ಡೆಬಿಯನ್‌ನವರು ಇದನ್ನು ಬಿಡುಗಡೆ ಟಿಪ್ಪಣಿಯಲ್ಲೇ ಹೇಳಿದ್ದರು. ಓದದ್ದು ನನ್ನ ತಪ್ಪು, ಒಪ್ಕೋತೀನಿ.

ಪರಿಹಾರ? ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆ. ಎಲ್‌ಎಸ್‌ಬಿಎಲ್‌ಕೆ ಆದೇಶದಿಂದ ಇರುವ ಡಿಸ್ಕುಗಳ ಯುಯುಐಡಿ ನೋಡಿ, ಎಫ್‌ಎಸ್‌ಟ್ಯಾಬ್ ಜೊತೆ ತಾಳೆ ಹಾಕಿದೆ. ಹೊಂದದ ಸಾಲು ಒಂದೇ. ಅದರ ಮುಂದೆ ಹ್ಯಾಷ್ ಚಿಹ್ನೆ ಹಾಕಿ ರೀಬೂಟ್ ಮಾಡಿದೆ. ಮಷಿನ್ ಎದ್ದು ಕೂತಿತು. ಆಗಾಗ ಮಾತ್ರ ಹಚ್ಚುವ ಡಿಸ್ಕಾದರೆ ಸಾಲು ತೆಗೆಯೋದೂ ಬೇಡ, ಅದಕ್ಕೆ ‘ನೋಫೇಲ್’ ಅಂತ ಸೇರಿಸಿದರೆ ಸಾಕು.

ಅಲ್ರೀ, ಮೌಂಟ್ ಆಗಲಿಲ್ಲ ಅಂದರೆ ಮಾಹಿತಿ ಹೋಯ್ತು ಅಂತಲ್ಲ. ಬೀಗ ತೆಗೆಯಕ್ಕೆ ಬರಲಿಲ್ಲ ಅಂತ ಮನೆ ಕೆಡವುತ್ತಾರಾ? ಗುಜರಿಗೆ ಹೋದ ಡಿಸ್ಕಿನ ತಪ್ಪಿಗೆ, ಚೆನ್ನಾಗೇ ಇದ್ದ ಡಿಸ್ಕಿಗೆ ಶಿಕ್ಷೆ! ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

“ಸಾಮಾನ್ಯರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?” ಅಂತೀರಾ. ನ್ಯಾಯವಾದ ಪ್ರಶ್ನೆಯೇ. ರೀಬೂಟಿಗೆ ಮುಂಚೆಯೇ ಪಟ್ಟಿ ನೋಡಿ, ಈ ಡಿಸ್ಕ್ ಇಲ್ಲವಲ್ಲ ಅಂತ ಯಂತ್ರವೇ ಎಚ್ಚರಿಸಬೇಕಿತ್ತು. ಆ ಜಗಳ ತಂತ್ರಾಂಶ ಬರೆಯುವವರ ಜೊತೆ ಆಡೋಣ. ಆದರೆ ಸಾಮಾನ್ಯರಿಗೆ ಗೊತ್ತಿಲ್ಲ ಅಂತಲೇ ಅಲ್ವೇ ಅವರು ಗೊತ್ತಿರುವ ನಿಮ್ಮನ್ನು ಕೇಳೋದು?

ಮುಂದಿನ ಸಲ ಯಾರಾದರೂ ಗಾಬರಿಯಿಂದ ಫೋನ್ ಮಾಡಿದರೆ, ಪರದೆ ಮೇಲಿರುವುದನ್ನು ಓದಿ ಹೇಳಿ ಅನ್ನಿ. ಅಷ್ಟು ವ್ಯವಧಾನ ಇಲ್ಲದಿದ್ದರೆ ‘ನಂಗೊತ್ತಿಲ್ಲ’ ಅನ್ನಿ. ಅದರಿಂದ ಯಾರ ಅಮ್ಮನ ಹಾಡೂ ಅಳಿಸಿಹೋಗಲ್ಲ.