ಇಂಪ್ಲಾಂಟಿಗೆ ಜೀವ ಕೊಡುವ ಬಿಲ್ಲೆ: ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಿವಿ ಕೇಳದ ಬಡ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಲು ನಿಮ್ಮ ಇಲಾಖೆಯ ಅಡಿಪ್ ಯೋಜನೆಯಡಿ ನೆರವು ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ಪೇಸ್‌ಮೇಕರಿನಲ್ಲಿರುವಂತೆ ಈ ಇಂಪ್ಲಾಂಟಿನೊಳಗೆ ಬ್ಯಾಟರಿ ಇರುವುದಿಲ್ಲ. ಕಿವಿಯ ಹಿಂದೆ, ಕೂದಲ ನಡುವೆ ಆಯಸ್ಕಾಂತದಿಂದ ಕಚ್ಚಿಕೊಂಡ ಬಿಲ್ಲೆಯಂಥ ಕಾಯಿಲ್ ಕೆಲವೇ ಮಿಲಿಮೀಟರ್ ದಪ್ಪದ ಚರ್ಮದ ಮೂಲಕ ಒಳಗಿನ ಕಾಯಿಲ್‌ಗೆ ವಿದ್ಯುತ್ತನ್ನೂ ಧ್ವನಿಯ ಮಾಹಿತಿಯನ್ನೂ ಒಟ್ಟಿಗೆ ದಾಟಿಸುತ್ತದೆ. ಬಿಲ್ಲೆ ಜಾರಿದರೆ, ಅದರ ತೆಳು ವೈರ್ ತುಂಡಾದರೆ, ಆ ಕ್ಷಣದಿಂದ ಮಗುವಿಗೆ ಏನೂ ಕೇಳಿಸದು. ಆಟವಾಡುವ ಮಕ್ಕಳ ತಲೆಯ ಮೇಲೆ ವೈರ್ ಎಷ್ಟು ಕಾಲ ಬಾಳೀತು? ಹೊಸದನ್ನು ಅಂಗಡಿಯಿಂದ ತಂದು ಜೋಡಿಸುವಂತಿಲ್ಲ. ಒಂದು ಕಂಪನಿಯ ಕಾಯಿಲ್ 5 ಮೆಗಾಹರ್ಟ್ಸ್‌ನಲ್ಲಿ, ಇನ್ನೊಂದರದು 12ರಲ್ಲಿ, ಮತ್ತೊಂದರದು 49ರಲ್ಲಿ ಕೆಲಸ ಮಾಡುತ್ತದೆ. ಹೀಗಾಗಿ ಇಂಪ್ಲಾಂಟ್ ಖರೀದಿಯ ಟೆಂಡರ್ ಗೆದ್ದ ಕಂಪನಿಗೆ ಮಗು ಬದುಕಿಡೀ ಗಿರಾಕಿ. ಬೇಡವೆಂದರೆ ಮತ್ತೆ ಶಸ್ತ್ರಚಿಕಿತ್ಸೆ.

ಕಂಪನಿಯೇ ಕೈಬಿಟ್ಟರೆ ಏನಾಗುತ್ತದೆಂಬುದನ್ನು ಅಮೆರಿಕದಲ್ಲಿ ನೋಡಿಯಾಗಿದೆ. ಸೆಕೆಂಡ್ ಸೈಟ್ ಕಂಪನಿಯ ಆರ್ಗಸ್ 2 ಕೃತಕ ರೆಟಿನಾಕ್ಕೂ ವಿದ್ಯುತ್ ಬರುತ್ತಿದ್ದುದು ಕನ್ನಡಕದ ಬದಿಯ ಕಾಯಿಲ್‌ನಿಂದಲೇ. 2019ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿತು, ಮರುವರ್ಷ ದಿವಾಳಿಯ ಅಂಚಿಗೆ ಬಂತು. ಅಷ್ಟರಲ್ಲಿ 350ಕ್ಕೂ ಹೆಚ್ಚು ಜನ ಅದನ್ನು ಹಾಕಿಸಿಕೊಂಡಿದ್ದರು. ಕಣ್ಣೊಳಗಿನ ಚಿಪ್ ಸರಿಯಿದ್ದರೂ ಹೊರಗಿನದು ಕೆಟ್ಟರೆ ರಿಪೇರಿಗೆ ದಿಕ್ಕಿಲ್ಲದಂತಾಯಿತು.

ಆದ್ದರಿಂದ ಟೆಂಡರಿನಲ್ಲಿ ಎರಡು ಷರತ್ತು ಬೇಕು. ಕಾಯಿಲ್, ವೈರ್, ಧ್ವನಿಯನ್ನು ಸಂಸ್ಕರಿಸುವ ಹೊರಗಿನ ಪ್ರೊಸೆಸರ್‌ಗಳನ್ನು ಮೊದಲೇ ಒಪ್ಪಿದ ದರದಲ್ಲಿ ಕನಿಷ್ಠ ಇಪ್ಪತ್ತು ವರ್ಷ ಪೂರೈಸಬೇಕು. ಕಂಪನಿ ಮುಚ್ಚಿದರೆ ಬೇರೆಯವರು ಅವನ್ನು ತಯಾರಿಸಲು ಬೇಕಾದ ತಾಂತ್ರಿಕ ವಿವರಗಳನ್ನು ಮುಂಚಿತವಾಗಿ ಸರ್ಕಾರದ ಬಳಿ ಮೊಹರು ಮಾಡಿ ಇಡಬೇಕು. ಇದರಿಂದ ಹೊಸ ಸಂಶೋಧನೆಗೆ ಅಡ್ಡಿಯಾಗುತ್ತದೆ ಎನ್ನುವವರಿದ್ದಾರೆ. ಎಲ್ಲರೂ ಒಂದೇ ನಮೂನೆ ಬಳಸಲಿ ಎಂದು ಯಾರೂ ಕೇಳುತ್ತಿಲ್ಲ, ಕಂಪನಿ ನಡೆಯುವವರೆಗೆ ಆ ಮೊಹರು ಒಡೆಯುವುದೂ ಇಲ್ಲ. ಪೂರ್ತಿ ಒಳಗೇ ಇರುವ ಇಂಪ್ಲಾಂಟ್ ಬಂದರೆ ಈ ತೊಡಕು ತಪ್ಪುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಒಳಗಿನ ಬ್ಯಾಟರಿಯನ್ನೂ ಚರ್ಮದ ಹೊರಗಿನಿಂದಲೇ ಚಾರ್ಜ್ ಮಾಡಬೇಕು, ಅದಕ್ಕೂ ಆಯುಸ್ಸು ಇದೆ. ಬೆಲೆ ಏರಬಹುದೆಂಬ ಆಕ್ಷೇಪ ಮಾತ್ರ ತೂಕದ್ದು. ಏರಲಿ, ಆ ಖರ್ಚು ಇಂದಿನ ಟೆಂಡರಿನಲ್ಲೇ ಕಾಣಲಿ. ಈಗ ಕಂಪನಿಗಳ ಜೊತೆ ಚೌಕಾಸಿ ಮಾಡುವ ಬಲ ನಿಮಗಿದೆ, ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಬಿಡಿಭಾಗಕ್ಕೆ ಅಲೆಯುವ ತಾಯ್ತಂದೆಗೆ ಅದು ಇರುವುದಿಲ್ಲ. ಮುಂದಿನ ಖರೀದಿಯ ಕರಡಿನಲ್ಲೇ ಈ ಷರತ್ತುಗಳನ್ನು ಸೇರಿಸಿ, ಕರಡನ್ನು ಪೋಷಕರ ಮುಂದಿಡಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ನಾಗರಿಕ