ಖಾತೆಯಲ್ಲಿ ಬರೆಯದ ಸವಕಳಿ

ಉತ್ಪಾದನಾ ವೆಚ್ಚವನ್ನು ಲೆಕ್ಕ ಹಾಕುವಾಗ ಕಚ್ಚಾ ಸಾಮಗ್ರಿ, ವಿದ್ಯುತ್, ಕೂಲಿ, ಬಡ್ಡಿ, ಸಾಗಣೆ ಎಲ್ಲವೂ ಖಾತೆಯಲ್ಲಿ ಸ್ಥಾನ ಪಡೆಯುತ್ತವೆ. ಯಂತ್ರದ ಸವಕಳಿಗೂ ವರ್ಷಕ್ಕೆ ಇಂತಿಷ್ಟು ಎಂದು ತೆಗೆದಿರಿಸುವ ಪದ್ಧತಿಯಿದೆ. ಆದರೆ ಆ ಯಂತ್ರದ ಮುಂದೆ ನಿಂತು ದುಡಿಯುವವನ ಶ್ವಾಸಕೋಶದ ಸವಕಳಿಗೆ ಯಾವ ಖಾತೆಯಲ್ಲಿಯೂ ಶೀರ್ಷಿಕೆಯಿಲ್ಲ. ಕಲ್ಲು ಕ್ರಷರ್, ಗ್ರಾನೈಟ್ ಘಟಕ, ಮರಳಿನ ಅಚ್ಚು ಬಳಸುವ ಫೌಂಡ್ರಿ, ಪಿಂಗಾಣಿ ಹಾಗೂ ಗಾಜಿನ ತಯಾರಿಕೆ ಇವುಗಳನ್ನು ನಡೆಸುತ್ತಿರುವ ಉದ್ಯಮಿಗಳು ಈ ವಿಷಯವನ್ನು ದಾನಧರ್ಮದ ಮಾತೆಂದು ಬದಿಗಿಡದೆ, ವ್ಯವಹಾರದ ಪ್ರಶ್ನೆಯೆಂದೇ ಪರಿಶೀಲಿಸುವುದು ಅವಶ್ಯಕವಾಗಿದೆ.

ಸಿಲಿಕೋಸಿಸ್ ಕರ್ನಾಟಕಕ್ಕೆ ಹೊಸ ಹೆಸರಲ್ಲ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಆ ಗಣಿಗಳು 2001ರಲ್ಲಿ ಮುಚ್ಚಿದವು. ರೋಗವು ಗಣಿಯೊಡನೆ ಮುಚ್ಚಲಿಲ್ಲ. ಸ್ಫಟಿಕ ರೂಪದ ಸಿಲಿಕಾ ಎಲ್ಲೆಲ್ಲಿ ಒಡೆಯುತ್ತದೆಯೋ, ಅರೆಯಲ್ಪಡುತ್ತದೆಯೋ, ಅಲ್ಲೆಲ್ಲ ಅದು ಇದೆ.

ಜೀವಕೋಶದೊಳಗಿನ ನಷ್ಟ

ಕಣ್ಣಿಗೆ ಕಾಣುವ ದಪ್ಪ ಧೂಳು ಬಹುಮಟ್ಟಿಗೆ ಮೂಗು, ಗಂಟಲಿನಲ್ಲಿಯೇ ತಡೆಯಲ್ಪಟ್ಟು ಕಫದೊಡನೆ ಹೊರಬೀಳುತ್ತದೆ. ನಿಜವಾದ ಅಪಾಯ ಇರುವುದು ಕಾಣದ ಕಣದಲ್ಲಿ. ಸುಮಾರು 5 ಮೈಕ್ರಾನ್‌ಗಿಂತ ಚಿಕ್ಕದಾದ, ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿನಷ್ಟೂ ಇಲ್ಲದ ಕಣವು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲವನ್ನು ತಲುಪುತ್ತದೆ.

ಅಲ್ಲಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಕಾವಲಿಗಿವೆ. ಹೊರಗಿನ ವಸ್ತುವನ್ನು ಕೋಶಗಳು ನುಂಗುವ ಈ ಕ್ರಿಯೆಯ ಮಹತ್ವವನ್ನು 1882ರಲ್ಲಿ ನಕ್ಷತ್ರಮೀನಿನ ಮರಿಗಳಲ್ಲಿ ಗುರುತಿಸಿದ ಮೆಚ್ನಿಕಾಫ್ ಅವರಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಭಕ್ಷಕ ಕೋಶವು ನುಂಗಿದ್ದನ್ನು ಲೈಸೋಸೋಮ್ ಎಂಬ ಪುಟ್ಟ ಚೀಲದೊಳಗಿನ ಕಿಣ್ವಗಳಿಂದ ಕರಗಿಸುತ್ತದೆ. ರೋಗಾಣು ಕರಗುತ್ತದೆ; ಕಲ್ಲಿನ ಹರಳು ಕರಗುವುದಿಲ್ಲ. ಬದಲಾಗಿ ಅದರ ಮೇಲ್ಮೈಯು ಆ ಚೀಲದ ಪೊರೆಯನ್ನೇ ಹರಿಯುತ್ತದೆ. ಕಿಣ್ವಗಳು ಕೋಶದೊಳಗೆ ಚೆಲ್ಲುತ್ತವೆ. ಆಗ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನು ಸಂಗಡಿಗ ಪ್ರೋಟೀನುಗಳನ್ನು ಕೂಡಿಸಿಕೊಂಡು ಅಪಾಯದ ಗಂಟೆ ಬಾರಿಸುತ್ತದೆ. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶವಾಹಕ ಬಿಡುಗಡೆಯಾಗುತ್ತದೆ. ಸಿಲಿಕಾ ಈ ಗಂಟೆಯನ್ನು ಬಾರಿಸುತ್ತದೆಂಬುದನ್ನು 2008ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿಕೊಟ್ಟವು.

ಮುಂದಿನ ಹಂತವೇ ಎಲ್ಲಕ್ಕಿಂತ ಗಂಭೀರ. ಭಕ್ಷಕ ಕೋಶ ಸಾಯುತ್ತದೆ, ಹರಳು ಹಾಗೆಯೇ ಹೊರಬರುತ್ತದೆ, ಮತ್ತೊಂದು ಕೋಶ ಅದನ್ನು ನುಂಗುತ್ತದೆ, ಅದೂ ಸಾಯುತ್ತದೆ. ಅಸಲು ತೀರದ ಸಾಲದ ಮೇಲೆ ಬಡ್ಡಿ ಬೆಳೆದಂತೆ ಈ ಚಕ್ರ ನಡೆಯುತ್ತಲೇ ಇರುತ್ತದೆ. ಗಾಯ ಮಾಯಿಸಲು ಬಂದ ಕೋಶಗಳು ಕೊಲ್ಲಾಜನ್ ನಾರನ್ನು ಮಿತಿಮೀರಿ ನೇಯ್ದು, ಮೆದುವಾದ ಶ್ವಾಸಕೋಶವನ್ನು ಗಂಟುಗಂಟಾಗಿ ಗಡುಸುಗೊಳಿಸುತ್ತವೆ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು ಎಂಬುದರ ಕಾರಣ ಇದೇ. ಕಾವಲು ಕೋಶಗಳೇ ಸೋತಿರುವುದರಿಂದ ಕ್ಷಯವೂ ಸುಲಭವಾಗಿ ಹತ್ತುತ್ತದೆ. ಉಸಿರಿನೊಡನೆ ಒಳಸೇರುವ ಸ್ಫಟಿಕ ಸಿಲಿಕಾವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು.

ಮಾರುಕಟ್ಟೆಯ ಎಚ್ಚರಿಕೆ

ಈ ರೋಗವನ್ನು ಗುಣಪಡಿಸುವ ಔಷಧಿ ಇಲ್ಲ. ಆದುದರಿಂದ ಕಣವು ಒಳಹೋಗದಂತೆ ತಡೆಯುವುದೊಂದೇ ಮಾರ್ಗ. ಇದನ್ನು ನಿರ್ಲಕ್ಷಿಸಿದ ಉದ್ಯಮಗಳ ಗತಿಯನ್ನು ವರ್ತಕ ವರ್ಗ ಗಮನಿಸಬೇಕು. ಜೀನ್ಸ್ ಬಟ್ಟೆಗೆ ಮಾಸಿದ ನೋಟ ಕೊಡಲು ಮರಳು ಎರಚುತ್ತಿದ್ದ ಟರ್ಕಿಯ ಘಟಕಗಳಲ್ಲಿ ಎಳೆಯ ಕಾರ್ಮಿಕರು ಸತ್ತ ಮೇಲೆ, 2009ರಲ್ಲಿ ಅಲ್ಲಿನ ಸರ್ಕಾರ ಆ ವಿಧಾನವನ್ನೇ ನಿಷೇಧಿಸಿತು. ಅಡಿಗೆ ಕಟ್ಟೆಗಳಿಗೆ ಬಳಸುವ ಕೃತಕ ಕಲ್ಲಿನ ಹಲಗೆಗಳನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿದೆ. ಒಂದು ಇಡೀ ಸರಕಿನ ಮಾರುಕಟ್ಟೆಯೇ ಹೀಗೆ ಮುಚ್ಚಿಹೋಯಿತು.

ನಮ್ಮ ದೇಶದಲ್ಲಿಯೂ ಸಿಲಿಕೋಸಿಸ್ 1948ರ ಕಾರ್ಖಾನೆಗಳ ಕಾಯಿದೆಯ ಕಾಲದಿಂದಲೇ ಅಧಿಕಾರಿಗಳಿಗೆ ವರದಿ ಮಾಡಬೇಕಾದ ರೋಗವಾಗಿತ್ತು. ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ಅದನ್ನು ಪಟ್ಟಿಯಲ್ಲಿ ಉಳಿಸಿಕೊಂಡಿದೆ. ರಾಜಸ್ಥಾನವು 2019ರಲ್ಲಿ ಧೂಳಿನ ಶ್ವಾಸಕೋಶ ರೋಗಗಳಿಗೆಂದೇ ಪ್ರತ್ಯೇಕ ನೀತಿಯನ್ನು ರೂಪಿಸಿ ಅದರಡಿ ಪರಿಹಾರಕ್ಕೆ ಅವಕಾಶ ಕಲ್ಪಿಸಿತು. ತೆರಬೇಕಾದ ಬೆಲೆಯನ್ನು ಯಾರೋ ಒಬ್ಬರು ತೆರಲೇಬೇಕು. ತಡವಾದಷ್ಟೂ ಅದು ಹೆಚ್ಚುತ್ತದೆ.

ಸಣ್ಣ ಘಟಕದ ಸಂಕಟ

ಸಣ್ಣ ಕೈಗಾರಿಕೋದ್ಯಮಿಯ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ದರದ ಪೈಪೋಟಿ ತೀವ್ರ, ಬಾಕಿ ವಸೂಲಿ ನಿಧಾನ. ಧೂಳು ಹೀರುವ ಯಂತ್ರಕ್ಕೆ ಹಣ ಹೂಡಿದವನು ಹೂಡದವನಿಗಿಂತ ಹೆಚ್ಚು ದರ ಹೇಳಬೇಕಾಗುತ್ತದೆ. ರೋಗ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಹತ್ತು ವರ್ಷಗಳ ಬಳಿಕ. ಅಷ್ಟರಲ್ಲಿ ಗುತ್ತಿಗೆಯ ಕಾರ್ಮಿಕ ಊರು ಸೇರಿರುತ್ತಾನೆ. ಅವನ ಹೆಸರು ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಹೀಗಾಗಿ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಸಣ್ಣ ಘಟಕಗಳಲ್ಲಿ ಮಾಲೀಕನೂ ಅವನ ಮಗನೂ ಅದೇ ಛಾವಣಿಯ ಕೆಳಗೆ ಅದೇ ಗಾಳಿಯನ್ನು ಉಸಿರಾಡುತ್ತಾರೆಂಬುದನ್ನು ಮರೆಯಲಾಗದು.

ಎಲ್ಲ ಕ್ರಮಗಳೂ ದುಬಾರಿಯಲ್ಲ. ಹೊಸದಾಗಿ ಒಡೆದ ಹರಳಿನ ಮೇಲ್ಮೈಯೇ ಕೋಶಕ್ಕೆ ಹೆಚ್ಚು ವಿಷಕಾರಿ. ಆದ್ದರಿಂದ ಕತ್ತರಿಸುವ, ಒಡೆಯುವ ಜಾಗದಲ್ಲಿಯೇ ನೀರು ಹರಿಸಿದರೆ ಧೂಳು ಹುಟ್ಟುವಲ್ಲೇ ಅಡಗುತ್ತದೆ. ಒಣ ಪೊರಕೆಯಿಂದ ಗುಡಿಸುವ ಬದಲು ನೆಲವನ್ನು ತೊಳೆಯಬಹುದು. ಮುಖಕ್ಕೆ ಕಟ್ಟಿದ ಟವೆಲ್ಲು ಇಷ್ಟು ಸಣ್ಣ ಕಣವನ್ನು ತಡೆಯಲಾರದು. ಸೂಕ್ತ ದರ್ಜೆಯ ಮಾಸ್ಕ್ ಬೇಕು, ಅದೂ ಕೊನೆಯ ರಕ್ಷಣೆಯಾಗಿ ಮಾತ್ರ.

ಒಬ್ಬೊಬ್ಬರಿಂದ ಆಗದ್ದನ್ನು ಸಂಘಟಿತವಾಗಿ ಮಾಡುವುದಕ್ಕೆ ವಾಣಿಜ್ಯ ಸಂಸ್ಥೆಗಳಿವೆ. ಬೆಳಗಾವಿಯ ಫೌಂಡ್ರಿಗಳು, ಇಳಕಲ್ಲಿನ ಗ್ರಾನೈಟ್ ಘಟಕಗಳಂತೆ ಒಂದೆಡೆ ನೆರೆದಿರುವ ಉದ್ಯಮಗಳಲ್ಲಿ ಧೂಳು ಅಳೆಯುವ ಸಾಮಾನ್ಯ ಸೌಲಭ್ಯ, ಎಕ್ಸ್‌ರೇ ಹಾಗೂ ಉಸಿರಿನ ಸಾಮರ್ಥ್ಯದ ವಾರ್ಷಿಕ ತಪಾಸಣೆಯನ್ನು ಹಂಚಿಕೊಂಡ ವೆಚ್ಚದಲ್ಲಿ ನಡೆಸಬಹುದು. ಧೂಳು ನಿಯಂತ್ರಣದ ಸಲಕರಣೆಗಳಿಗೆ ಸಹಾಯಧನ ಹಾಗೂ ಕಡಿಮೆ ಬಡ್ಡಿಯ ಸಾಲವನ್ನು ಸರ್ಕಾರದಿಂದ ಒತ್ತಾಯಿಸಬಹುದು. ಎಲ್ಲರೂ ಒಂದೇ ನಿಯಮಕ್ಕೆ ಒಳಪಟ್ಟರೆ ದರದ ಪೈಪೋಟಿಯ ಅನ್ಯಾಯವೂ ತಪ್ಪುತ್ತದೆ. ಮುಂದಿನ ವರ್ಷದ ಆಯವ್ಯಯ ಸಿದ್ಧಪಡಿಸುವಾಗ ಯಂತ್ರದ ಸವಕಳಿಯ ಕೆಳಗೆ ಧೂಳು ನಿಯಂತ್ರಣಕ್ಕೊಂದು ಸಾಲು ಸೇರಿಸುವುದು ಇದರ ಮೊದಲ ಹೆಜ್ಜೆಯಾಗಬಲ್ಲದು.